ಅರ್ಧ ಚಾವಣಿ

ಚಾವಣಿ ಬೀಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈ ಕಥೆಯನ್ನು ಯಾರಿಗೆ ಹೇಳಹೊರಟರೂ ಅವರು ನಡುವೆ ಬಾಯಿ ಹಾಕಿ, "ಕೊನೆಗೆ ಬಿತ್ತಾ?" ಎಂದು ಕೇಳುತ್ತಾರೆ. ಇಲ್ಲ ಎಂದ ಕೂಡಲೇ ಮುಖ ಸಪ್ಪಗಾಗುತ್ತದೆ. ಬಿದ್ದಿದ್ದರೆ ಇವರಿಗೆ ಸಮಾಧಾನವಾಗುತ್ತಿತ್ತೇನೋ! ಆ ಚಾವಣಿಯ ಕೆಳಗೆ ನಾನು ಈಜುತ್ತೇನೆ ಸ್ವಾಮಿ. ನನ್ನ ಜೊತೆ ಮಂಡಿನೋವಿನ ಮುದುಕಿಯರ ಒಂದು ಹಿಂಡೇ ಈಜುತ್ತದೆ. ಬೆಳಿಗ್ಗೆ ನಾವು, ನಮ್ಮ ಹಿಂದೆಯೇ ಶಾಲೆಯ ಮಕ್ಕಳು. ಬೀಳದ ಚಾವಣಿಯ ಕಥೆ ಕೇಳುವಷ್ಟು ತಾಳ್ಮೆ ಇದ್ದರೆ ಕೇಳಿ, ಇಲ್ಲದಿದ್ದರೆ ಎದ್ದು ಹೋಗಿ. ನನಗೇನೂ ಬೇಜಾರಿಲ್ಲ.

ನಮ್ಮದು ಮುರಿಯುವ ಕಸುಬು. ನಾನೂ ನನ್ನ ತಮ್ಮನೂ ಸೇರಿ ಶುರು ಮಾಡಿದ ಕಚೇರಿ. ಯಾರಾದರೂ ಏನನ್ನಾದರೂ ಕಟ್ಟುವ ಮೊದಲು ನಮ್ಮ ಹತ್ತಿರ ತರುತ್ತಾರೆ. ನಾವು ಅದನ್ನು ಕಂಪ್ಯೂಟರಿನೊಳಗೆ ಕಟ್ಟಿ, ಅಲ್ಲೇ ಭಾರ ಹೇರಿ, ಗಾಳಿ ಬೀಸಿ, ಕಾಯಿಸಿ, ಕುಲುಕಿ, ಎಲ್ಲಿ ಮುರಿಯುತ್ತದೆ ಎಂದು ನೋಡುತ್ತೇವೆ. ಅಲ್ಲಿ ಮುರಿದರೆ ಯಾರ ತಲೆಯೂ ಒಡೆಯುವುದಿಲ್ಲವಲ್ಲ. ಓದಿದವರು ಇದಕ್ಕೆ ಸಿಮ್ಯುಲೇಷನ್ ಎನ್ನುತ್ತಾರೆ. ತೀರಿಹೋದ ನನ್ನ ಯಜಮಾನರು ಮಾತ್ರ, "ಇವಳು ಬೆಳಗಿಂದ ಸಂಜೆವರೆಗೂ ಅಡುಗೆ ಆಟ ಆಡ್ತಾಳೆ, ಮನೆಗೆ ಬಂದ್ರೆ ನಿಜವಾದ ಅಡುಗೆ ನಾನು ಮಾಡ್ಬೇಕು" ಎನ್ನುತ್ತಿದ್ದರು.

ನಮ್ಮ ಮೇಜಿಗೆ ಬಾರದ ವಸ್ತುವಿಲ್ಲ. ಕಾರ್ಖಾನೆಯ ಹೊಗೆಕೊಳವೆ ಬಿರುಗಾಳಿಗೆ ಎಷ್ಟು ತೊನೆಯುತ್ತದೆ, ಹಸುಗೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಯಲ್ಲಿ ಬಿಸಿಗಾಳಿ ಪಾದದವರೆಗೂ ತಲುಪುತ್ತದಾ, ಪಂಪಿನ ರೆಕ್ಕೆ ಯಾಕೆ ಸವೆಯುತ್ತದೆ, ನದಿ ಉಕ್ಕಿದರೆ ಯಾವ ಬೀದಿಗೆ ಮೊದಲು ನೀರು ನುಗ್ಗುತ್ತದೆ, ಹೀಗೆ. ಒಮ್ಮೆ ಬಾಣಲೆ ತಯಾರಿಸುವವನೊಬ್ಬ ಬಂದು, ತನ್ನ ಬಾಣಲೆಯ ಹಿಡಿ ಯಾಕೆ ಸುಡುತ್ತದೆ ಎಂದು ಕೇಳಿದ. ಕಂಪ್ಯೂಟರ್ ಹಚ್ಚದೆಯೇ ಹೇಳಿದೆ: "ನೀನು ಒಂದು ದಿನವೂ ಒಲೆ ಮುಂದೆ ನಿಂತಿಲ್ಲ, ಅದಕ್ಕೆ."

ನಾನು ಕೆಲಸ ಬಿಟ್ಟು ವರ್ಷಗಳಾದವು. ಈಗ ಕಚೇರಿ ತಮ್ಮನ ಕೈಯಲ್ಲಿದೆ. ಅವನ ಮಗಳು, ಅಂದರೆ ನನ್ನ ಸೊಸೆ, ನಮ್ಮದೇ ಓದು ಓದಿ ಅಲ್ಲೇ ಸೇರಿಕೊಂಡಿದ್ದಾಳೆ. ಚುರುಕು ಹುಡುಗಿ. ಕೋಪ ಮೂಗಿನ ತುದಿಯಲ್ಲೇ. ಮೂಗು ಅವರಪ್ಪನದು, ಕೋಪ ನನ್ನದು ಎಂದು ಅವಳ ಅಮ್ಮ ದೂರುತ್ತಾಳೆ.

ಇನ್ನು ಚಾವಣಿ. ಊರಿನ ಈಜುಕೊಳದ ಮೇಲೆ ಕಮಾನಿನ ಹಾಗೆ ಬಾಗಿದ ಚಾವಣಿಯಿದೆ. ತೆಳುವಾದ ಉಕ್ಕಿನ ಕಮಾನುಗಳು, ಅದರ ಮೇಲೆ ತಗಡು, ನಡುವೆ ಒಂದು ಕಂಬವೂ ಇಲ್ಲ. ನೀರಿನಲ್ಲಿ ಅಂಗಾತ ತೇಲಿದರೆ ಯಾವುದೋ ದೊಡ್ಡ ಮೀನಿನ ಹೊಟ್ಟೆಯೊಳಗಿಂದ ಅದರ ಪಕ್ಕೆಲುಬು ನೋಡಿದ ಹಾಗಿರುತ್ತದೆ. ಅದನ್ನು ಕಟ್ಟುವ ಕಾಲಕ್ಕೆ ಕಂಪ್ಯೂಟರಿನಲ್ಲಿ ಮುರಿದು ನೋಡಿದವಳು ನಾನೇ. ಆಗಿನ ಕಂಪ್ಯೂಟರುಗಳಿಗೆ ಹೊಟ್ಟೆ ಚಿಕ್ಕದು. ಇಡೀ ಚಾವಣಿ ತಿನ್ನಿಸಿದರೆ ಕಾರಿಕೊಳ್ಳುತ್ತಿದ್ದವು. ಅದಕ್ಕೆ ನಮ್ಮ ಕಸುಬಿನವರೆಲ್ಲ ಮಾಡುವ ಉಪಾಯವನ್ನೇ ಮಾಡಿದೆ. ಎಡವೂ ಬಲವೂ ಒಂದೇ ಥರ ಇರುವ ವಸ್ತುವಾದರೆ ಅರ್ಧ ಮಾತ್ರ ಕಟ್ಟುತ್ತೇವೆ, ಕತ್ತರಿಸಿದ ಜಾಗದಲ್ಲಿ ಒಂದು ಕನ್ನಡಿ ನಿಲ್ಲಿಸುತ್ತೇವೆ. ಗಾಜಿನ ಕನ್ನಡಿಯಲ್ಲ, ಲೆಕ್ಕದ ಕನ್ನಡಿ. ಈ ಕಡೆ ಏನಾಗುತ್ತದೋ ಆ ಕಡೆಯೂ ಅದೇ ಆಗುತ್ತದೆ ಎಂದು ಕಂಪ್ಯೂಟರಿಗೆ ಹೇಳಿಬಿಡುತ್ತೇವೆ. ಆಗ ಚಾವಣಿಯ ನೆತ್ತಿ ಮೇಲಕ್ಕೆ ಕೆಳಕ್ಕೆ ಹೋಗಬಹುದು, ಪಕ್ಕಕ್ಕೆ ಮಾತ್ರ ಸರಿಯುವ ಹಾಗಿಲ್ಲ. ತಗಡಿನ ಭಾರ ಎರಡೂ ಕಡೆ ಒಂದೇ, ಮಳೆ ಎರಡೂ ಕಡೆ ಒಂದೇ. ಆ ಲೆಕ್ಕಕ್ಕೆ ಅರ್ಧ ಚಾವಣಿ ಸಾಕಿತ್ತು. ಗಾಳಿ ಒಂದೇ ಕಡೆಯಿಂದ ಬೀಸುತ್ತದಲ್ಲ ಎಂದು ಕೇಳಲು ಬಾಯಿ ತೆರೆದ ಜಾಣರಿಗೆ ಹೇಳುತ್ತೇನೆ: ಅದನ್ನು ಬೇರೆಯಾಗಿ, ಕೈಯಲ್ಲೇ ಲೆಕ್ಕ ಹಾಕಿದ್ದೆ. ಬಾಯಿ ಮುಚ್ಚಿಕೊಳ್ಳಿ.

ಈಚೆಗೆ ಈಜುಕೊಳದ ಮ್ಯಾನೇಜರಿಗೆ ಒಂದು ಯೋಚನೆ ಬಂತು. ಇವನನ್ನು ನಾವೆಲ್ಲ ಸೀಟಿ ಎನ್ನುತ್ತೇವೆ. ಮೊದಲು ಮುಳುಗುವವರನ್ನು ಎತ್ತುವ ಕೆಲಸದಲ್ಲಿದ್ದ. ಮ್ಯಾನೇಜರ್ ಆದ ಮೇಲೂ ಕೊರಳಿನ ಸೀಟಿ ಬಿಚ್ಚಿಲ್ಲ. ಟೈ ಕಟ್ಟಿದರೆ ಅದರ ಮೇಲೆ ಸೀಟಿ. ನೀರು ಕಾಯಿಸಲು ಚಾವಣಿಯ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಬೇಕು ಎಂದು ಹೊರಟ. ಬಿಸಿಲು ಚೆನ್ನಾಗಿ ಬೀಳುವುದು ಒಂದು ಇಳಿಜಾರಿಗೆ ಮಾತ್ರ. ಆದ್ದರಿಂದ ಪ್ಯಾನೆಲ್ಲುಗಳೆಲ್ಲ ಆ ಒಂದೇ ಕಡೆ. ಚಾವಣಿ ತಾಳುತ್ತದಾ ಎಂದು ನೋಡುವ ಕೆಲಸ ನಮ್ಮ ಕಚೇರಿಗೆ ಬಂತು. ತಮ್ಮ ಅದನ್ನು ಮಗಳಿಗೆ ವಹಿಸಿದ. ಅವಳು ತನ್ನ ಹೆಸರಿನಲ್ಲಿ ಸಹಿ ಹಾಕಿ ಕೊಟ್ಟ ಮೊದಲ ವರದಿ ಅದು. ತಾಳುತ್ತದೆ ಎಂದು ಬರೆದಿದ್ದಳು.

ಮೊದಲ ಸಹಿ ಎಂದು ಕಚೇರಿಯಲ್ಲಿ ಚಹಾ, ಬಿಸ್ಕತ್ತು, ಕೇಕು. ನನ್ನನ್ನೂ ಕರೆದಿದ್ದರು. ಈಜು ಮುಗಿಸಿ ಒದ್ದೆ ತಲೆಯಲ್ಲೇ ಹೋದೆ. ಗೋಡೆಯ ಮೇಲೆ ಅವಳ ಸಿಮ್ಯುಲೇಷನ್ನಿನ ಬಣ್ಣದ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಅಂಟಿಸಿದ್ದರು. ಭಾರಕ್ಕೆ ಚಾವಣಿ ಹೇಗೆ ಬಾಗುತ್ತದೆ ಎಂದು ಕಣ್ಣಿಗೆ ಕಾಣಲಿ ಅಂತ ಹೆಚ್ಚಿಸಿ ತೋರಿಸಿದ ಚಿತ್ರ. ಸೀಟಿ ಬಾಯಿ ತುಂಬ ಕೇಕು ತುಂಬಿಕೊಂಡು ಅದನ್ನೇ ನೋಡುತ್ತಿದ್ದ.

"ಹೇಗಿದೆ ಅತ್ತೆ?" ಎಂದಳು ಸೊಸೆ. ಮುಖ ಹೂವಿನ ಹಾಗೆ ಅರಳಿತ್ತು.

ನಾನು ಕನ್ನಡಕ ಒರೆಸಿ ನೋಡಿದೆ. ಚಾವಣಿಯ ಎರಡು ಭುಜಗಳೂ ಒಂದೇ ಸಮ ಕೆಳಗಿಳಿದಿದ್ದವು. ನೆತ್ತಿ ನೆಟ್ಟಗಿತ್ತು.

"ಪ್ಯಾನೆಲ್ ಯಾವ ಕಡೆ ಇಟ್ಟಿದೀಯಾ?"

"ಈ ಕಡೆ. ಬಿಸಿಲಿನ ಕಡೆ."

"ಮತ್ತೆ ಆ ಕಡೆ ಯಾಕೆ ಕುಸಿದಿದೆ?"

ಅವಳು ಚಿತ್ರದ ಹತ್ತಿರ ಹೋಗಿ ಬಗ್ಗಿ ನೋಡಿದಳು.

"ಒಂದೇ ಕೈಯಲ್ಲಿ ತುಂಬಿದ ಬಕೆಟ್ ಹಿಡ್ಕೊಂಡವನು ಒಂದು ಕಡೆ ವಾಲ್ತಾನೆ ತಾನೇ? ಇವನು ನೋಡು, ಸಿಪಾಯಿ ಥರ ನಿಂತಿದಾನೆ" ಎಂದೆ. "ನನ್ನ ಹಳೇ ಅರ್ಧ ಚಾವಣಿ ತಗೊಂಡಿದೀಯಾ ನೀನು. ಕನ್ನಡಿ ತೆಗೆದಿಲ್ಲ. ಈ ಕಡೆ ನೀನು ಪ್ಯಾನೆಲ್ ಇಟ್ಟೆ, ಆ ಕಡೆ ಕನ್ನಡಿ ಇಟ್ಟುಬಿಡ್ತು. ನೀನು ನೋಡಿರೋದು ಎರಡೂ ಕಡೆ ಪ್ಯಾನೆಲ್ ಇರೋ ಚಾವಣಿ ಕಣೇ."

ಮಾತು ಹಾಗೇ ಬಂತು, ಎಲ್ಲರ ಮುಂದೆ. ನನಗೆ ಮಾತನ್ನು ಹತ್ತಿಯಲ್ಲಿ ಸುತ್ತಿ ಕೊಡಲು ಬರುವುದಿಲ್ಲ.

ಸೀಟಿ ಕೇಕು ನುಂಗಿ, ದೊಡ್ಡದಾಗಿ ನಕ್ಕ. "ಅಯ್ಯೋ ಅಮ್ಮಾ, ಹೆದರಿಸಿಬಿಟ್ರಲ್ಲಾ! ಅಂದ್ರೆ ಡಬಲ್ ಭಾರ ಹಾಕಿ ನೋಡಿದಾರೆ ಅಂತಾಯ್ತು. ಅಷ್ಟಕ್ಕೇ ತಾಳ್ತು ಅಂದ್ಮೇಲೆ ಅರ್ಧ ಭಾರಕ್ಕೆ ತಾಳಲ್ವಾ? ಇನ್ನೂ ಒಳ್ಳೇದೇ ಆಯ್ತಲ್ಲ!"

ಎಲ್ಲರೂ ನಕ್ಕರು. ತಮ್ಮ ಎಲ್ಲರಿಗಿಂತ ಜೋರಾಗಿ ನಕ್ಕ. ಮುಳುಗುತ್ತಿದ್ದವನಿಗೆ ಹಗ್ಗ ಸಿಕ್ಕಿತ್ತು.

"ತಕ್ಕಡಿ ನೋಡಿದೀಯೇನಪ್ಪಾ ನೀನು?" ಎಂದೆ ಸೀಟಿಗೆ. "ಎರಡೂ ತಟ್ಟೆಯಲ್ಲಿ ಕಲ್ಲಿದ್ರೆ ನೆಟ್ಟಗಿರತ್ತೆ. ಒಂದು ಕಲ್ಲು ತೆಗೆದುಬಿಡು, ಭಾರ ಕಮ್ಮಿ ಆಯ್ತು, ಇನ್ನೂ ನೆಟ್ಟಗಾಗತ್ತೆ ಅಂತೀಯಾ?"

"ಅಕ್ಕಾ," ಎಂದ ತಮ್ಮ, "ಒಂದು ನಿಮಿಷ ಈ ಕಡೆ ಬಾ."

ಪ್ರಿಂಟರ್ ಇಟ್ಟಿರುವ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದ. ಚಿಕ್ಕವನಿದ್ದಾಗ ಏನಾದರೂ ಒಡೆದುಹಾಕಿದರೆ ಹೀಗೇ ನನ್ನನ್ನು ಮೂಲೆಗೆ ಎಳೆಯುತ್ತಿದ್ದ.

"ಅವಳ ಮೊದಲ ಸಹಿ ಅದು."

"ಮೊದಲನೇದು ಅಂತ ಚಾವಣಿಗೆ ಗೊತ್ತಾ?"

"ವರದಿ ಕೊಟ್ಟಾಗಿದೆ. ಈಗ ವಾಪಸ್ ತಗೊಂಡ್ರೆ ಏನಂತಾರೆ? ಅಪ್ಪನ ಕಚೇರಿ ಅಂತ ಕುರ್ಚಿ ಸಿಕ್ತು, ಕೆಲಸ ಬರಲ್ಲ ಅಂತಾರೆ. ಜನ್ಮಪೂರ್ತಿ ಅಂತಾರೆ. ನಿನ್ನ ಬಗ್ಗೆ ಏನೇನಂದ್ರು ಮರ್ತುಹೋಯ್ತಾ?"

ಮರೆತಿರಲಿಲ್ಲ. ಆದರೆ ಅದನ್ನೆಲ್ಲ ಕಿವಿಗೆ ಹಾಕಿಕೊಂಡಿದ್ದರೆ ನಾನು ಇಷ್ಟು ವರ್ಷ ಬದುಕುತ್ತಿದ್ದೆನೇ?

"ಇಡೀ ಚಾವಣಿ ಕಟ್ಟಿ ಇನ್ನೊಂದ್ಸಲ ಓಡಿಸಿ ನೋಡೋ. ಈಗಿನ ಕಂಪ್ಯೂಟರ್‌ಗೆ ಅದೇನು ದೊಡ್ಡದು?"

"ಓಡಿಸಿ ನೋಡಿದ್ರೆ ಅನುಮಾನ ಇತ್ತು ಅಂತ ನಾವೇ ಒಪ್ಪಿಕೊಂಡ ಹಾಗಾಗತ್ತೆ. ಡಬಲ್ ಭಾರಕ್ಕೆ ತಾಳಿದೆ, ಸಾಕು. ನಿನ್ನ ಕಾಲ ಮುಗೀತು ಅಕ್ಕಾ. ಅವಳ ಕಾಲಿಗೆ ಅಡ್ಡ ಬರಬೇಡ."

"ಅವಳ ಕಾಲಿಗೆ ಅಲ್ಲ ಕಣೋ, ನಿನ್ನ ಹೆದರಿಕೆಗೆ ಅಡ್ಡ ಬರ್ತೀನಿ" ಎಂದು ಹೇಳಿ, ಬಾಗಿಲು ತೆರೆದು, ತಟ್ಟೆಯಲ್ಲಿ ಉಳಿದ ಕೇಕು ಕೈಗೆತ್ತಿಕೊಂಡು ಮನೆಗೆ ಬಂದೆ. ಜಗಳ ಆಡಿದರೂ ಕೇಕು ಬಿಡುವವಳಲ್ಲ ನಾನು.

ಮಾರನೆಯ ದಿನ ಮಧ್ಯಾಹ್ನ ತಮ್ಮನ ಮನೆಗೆ ಹೋದೆ, ಅವನು ಇಲ್ಲದ ಹೊತ್ತು ನೋಡಿಕೊಂಡು. ಚೀಲದಲ್ಲಿ ನನ್ನ ಮೊಣಕಾಲಿನ ಎಕ್ಸ್‌ರೇ ಇತ್ತು. ನಾದಿನಿ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ಸೊಸೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ನನ್ನನ್ನು ಕಂಡು ಮುಖ ತಿರುಗಿಸಿದಳು.

"ಎಲ್ಲರ ಮುಂದೆ ಹೇಳೋ ಬದಲು ನಂಗೊಬ್ಬಳಿಗೇ ಹೇಳ್ಬೋದಿತ್ತಲ್ಲ ಅತ್ತೆ."

"ಹೇಳ್ಬೋದಿತ್ತು. ಹೇಳಲಿಲ್ಲ. ಕೋಪ ಮಾಡ್ಕೋ, ಬೇಡ ಅನ್ನಲ್ಲ. ಆದ್ರೆ ಎದುರಿಗೆ ಕೂತು ಮಾಡ್ಕೋ."

ಅಡುಗೆಮನೆಯ ಕಪಾಟಿನಿಂದ ಡಬ್ಬಿಗಳನ್ನು ಇಳಿಸಿಕೊಂಡೆ. ಭಾರದ ಎರಡು ಡಬ್ಬಿಗಳನ್ನು ಮೇಜಿನ ಮೇಲೆ ಎದುರುಬದುರಾಗಿ ಇಟ್ಟು, ನಡುವೆ ಎಕ್ಸ್‌ರೇ ಹಾಳೆಯನ್ನು ಬಾಗಿಸಿ ಕೂರಿಸಿದೆ. ಪುಟ್ಟ ಕಮಾನಿನ ಚಾವಣಿ ತಯಾರಾಯಿತು. ನೆತ್ತಿಯ ಮೇಲೆ ನನ್ನ ಮೂಳೆ ಬೆಳ್ಳಗೆ ಕಾಣುತ್ತಿತ್ತು.

"ಎರಡು ಉಂಡೆ ಹಿಟ್ಟು ಕೊಡಮ್ಮಾ" ಎಂದೆ ನಾದಿನಿಗೆ.

"ಹಿಟ್ಟಿನ ಜೊತೆ ಆಟ ಆಡ್ತೀರಾ ಅತ್ತಿಗೆ ಈ ವಯಸ್ಸಲ್ಲಿ?" ಎಂದು ಗೊಣಗುತ್ತಲೇ ಕೊಟ್ಟಳು.

ಎರಡೂ ಇಳಿಜಾರಿಗೆ ಒಂದೊಂದು ಉಂಡೆ ಅಂಟಿಸಿದೆ. ಹಾಳೆ ಕೊಂಚ ತಗ್ಗಿತು, ನಿಂತಿತು.

"ಇದು ನಿನ್ನ ವರದಿ. ಡಬಲ್ ಭಾರ, ತಾಳಿದೆ. ಈಗ ಒಂದು ಉಂಡೆ ತೆಗಿ. ನೀನೇ ತೆಗಿ, ಆಮೇಲೆ ಅತ್ತೆ ಕೈ ತಾಗಿತು ಅನ್ಬೇಡ."

ಸೊಸೆ ಕೈ ಚಾಚಲಿಲ್ಲ. ಹಾಳೆಯನ್ನೇ ನೋಡುತ್ತಿದ್ದಳು. ಕೊನೆಗೆ ಎರಡು ಬೆರಳಲ್ಲಿ, ಮಗುವಿನ ಕೆನ್ನೆಗೆ ಅಂಟಿದ ಅನ್ನದಗುಳು ತೆಗೆಯುವ ಹಾಗೆ, ಆ ಕಡೆಯ ಉಂಡೆಯನ್ನು ಬಿಡಿಸಿದಳು. ಅವಳ ಬೆರಳು ಬಿಟ್ಟಿದ್ದೇ ತಡ, ಉಂಡೆ ಇದ್ದ ಕಡೆ ಹಾಳೆ ಕುಸಿಯಿತು, ಖಾಲಿ ಕಡೆ ಗೂನು ಎದ್ದಿತು, ನೆತ್ತಿ ಪಕ್ಕಕ್ಕೆ ಸರಿಯಿತು, ಟಪ್ ಎಂದು ಇಡೀ ಹಾಳೆ ಮಗುಚಿಬಿತ್ತು. ಹಿಟ್ಟಿನ ಉಂಡೆ ಲ್ಯಾಪ್‌ಟಾಪಿನ ಮೇಲೆ.

"ಅಯ್ಯಯ್ಯೋ" ಎಂದಳು ನಾದಿನಿ.

ಸೊಸೆ ಹಿಟ್ಟು ಒರೆಸಿದಳು. ತಲೆಯೆತ್ತಿ, "ಎಕ್ಸ್‌ರೇ ಹಾಳೆ ಬೇರೆ, ಉಕ್ಕು ಬೇರೆ ಅತ್ತೆ. ಇದರಿಂದ ಏನೂ ಸಾಬೀತಾಗಲ್ಲ" ಎಂದಳು.

ನನಗೆ ಎಷ್ಟು ಖುಷಿಯಾಯಿತೆಂದರೆ, ಎದ್ದು ಅವಳ ಕೆನ್ನೆ ಹಿಂಡಬೇಕೆನಿಸಿತು. ಸರಿಯಾದ ಮಾತು! ಹಾಳೆ ಬಿತ್ತು ಎಂದರೆ ಚಾವಣಿ ಬೀಳುತ್ತದೆ ಎಂದಲ್ಲ. ಕೇಳಬೇಕಾದ ಪ್ರಶ್ನೆಯೊಂದಿದೆ ಎಂದು, ಅಷ್ಟೇ.

"ಸಾಬೀತು ಮಾಡೋದು ನಿನ್ನ ಕೆಲಸ. ಕನ್ನಡಿ ತೆಗಿ, ಇಡೀದು ಕಟ್ಟು."

"ಅಪ್ಪ ಬೇಡ ಅಂದಿದಾರೆ."

"ವರದಿ ಮೇಲೆ ಸಹಿ ಅಪ್ಪಂದಾ?"

ಎಕ್ಸ್‌ರೇ ಅಲ್ಲೇ ಬಿಟ್ಟು ಬಂದೆ. ಸೀಟಿಗೂ ಫೋನು ಮಾಡಿ ಹೇಳಿದೆ, ಸ್ವಲ್ಪ ದಿನ ತಡೆ ಎಂದು. "ನಿಮ್ಮ ಮನೆಯೋರೇ ಸರಿ ಇದೆ ಅಂತ ಬರ್ಕೊಟ್ಟಿದಾರೆ, ನಿಮ್ಮ ಮನೆಯೋರೇ ಬೇಡ ಅಂತೀರಿ. ಮೊದ್ಲು ಮನೇಲಿ ಒಂದು ಮಾತಿಗೆ ಬನ್ನಿ ಅಮ್ಮಾ" ಎಂದ. ತಪ್ಪೇನಿಲ್ಲ, ನಾನೂ ಅವನ ಜಾಗದಲ್ಲಿದ್ದರೆ ಹಾಗೇ ಹೇಳುತ್ತಿದ್ದೆ.

ಆ ವಾರ ಸೊಸೆಯಿಂದ ಸುದ್ದಿಯಿಲ್ಲ. ತಮ್ಮನಿಂದಲೂ ಇಲ್ಲ. ಒಂದು ಬೆಳಿಗ್ಗೆ ಈಜಲು ಹೋಗಿ ನೀರಿಗಿಳಿದು ಅಂಗಾತ ತೇಲಿದೆ. ತಲೆಯ ಮೇಲೆ ತಗಡಿನಲ್ಲಿ ಧಡ್ ಧಡ್ ಸದ್ದು. ಯಾರೋ ನಡೆಯುತ್ತಿದ್ದರು.

"ಏನದು?" ಎಂದು ಕೇಳಿದೆ, ಪಕ್ಕದಲ್ಲಿ ಈಜುತ್ತಿದ್ದ ನರ್ಸಮ್ಮನನ್ನು. ನಿವೃತ್ತ ನರ್ಸ್ ಆಕೆ, ನಮ್ಮ ಗುಂಪಿನ ಹಳೇ ಗೆಳತಿ.

"ಪ್ಯಾನೆಲ್ ಏರಿಸ್ತಾ ಇದಾರಂತೆ. ಕೆಲಸ ಮೇಲೆ ತಾನೇ, ನೀವು ಕೆಳಗೆ ಈಜ್ಕೊಳ್ಳಿ ಅಂದ ಸೀಟಿ."

ನಾನು ನೀರಿನಿಂದ ಎದ್ದ ರಭಸಕ್ಕೆ ನರ್ಸಮ್ಮನ ಬಾಯಿಗೆ ನೀರು ನುಗ್ಗಿತಂತೆ. ಟವೆಲ್ ಸುತ್ತಿಕೊಂಡು, ತಲೆಯ ರಬ್ಬರ್ ಟೋಪಿಯನ್ನೂ ತೆಗೆಯದೆ ಹಿಂಬದಿಗೆ ಓಡಿದೆ. ಅಲ್ಲಿ ಲಾರಿ ನಿಂತಿತ್ತು. ಗೋಡೆಗೆ ಒರಗಿಸಿದ ಏಣಿಯ ಮೇಲೆ ಆಳುಗಳು ಪ್ಯಾನೆಲ್ ಸಾಗಿಸುತ್ತಿದ್ದರು. ಬಿಸಿಲಿನ ಇಳಿಜಾರಿನಲ್ಲಿ ಆಗಲೇ ಒಂದು ಸಾಲು ಕೂತಿತ್ತು. ನಾನು ಹೋಗಿ ಏಣಿಯ ಕೆಳಗಿನ ಮೆಟ್ಟಿಲಿನ ಮೇಲೆ ಕೂತೆ.

ಪ್ಯಾನೆಲ್ ಹೊತ್ತು ಬಂದ ಮೇಸ್ತ್ರಿ ಕಕ್ಕಾಬಿಕ್ಕಿಯಾದ. "ಅಜ್ಜೀ, ಇದು ಏಣಿ."

"ಗೊತ್ತಪ್ಪಾ. ಸೋಫಾ ಅಂತ ಕೂತಿಲ್ಲ."

"ಏಳಿ ಅಜ್ಜೀ. ಮೇಲೆ ನಮ್ಮ ಹುಡುಗರಿದಾರೆ."

"ಅವರನ್ನ ಇಳಿಸಿಬಿಡು, ಏಳ್ತೀನಿ. ಅವರು ಇಳಿಯಕ್ಕೆ ಜಾಗ ಬಿಡ್ತೀನಿ. ಹತ್ತೋಕೆ ಮಾತ್ರ ಬಿಡಲ್ಲ."

ಸೀಟಿ ಓಡಿಬಂದು ನನ್ನ ಕಿವಿಯ ಹತ್ತಿರವೇ ಸೀಟಿ ಊದಿದ. ಊದಲಿ. ಈಜುವ ಟೋಪಿ ಕಿವಿಯ ಮೇಲಿತ್ತು, ಅರ್ಧ ಕೇಳಿಸಿತು.

"ಅಮ್ಮಾ, ಇದೇನು ಹಟ? ಪೊಲೀಸ್ರನ್ನ ಕರೀಬೇಕಾ?"

"ಕರಿ. ಟವೆಲ್ ಸುತ್ಕೊಂಡಿರೋ ಮುದುಕೀನ ಹೊತ್ಕೊಂಡು ಹೋಗೋದನ್ನ ಊರೆಲ್ಲ ನೋಡಲಿ. ಮೊದ್ಲು ಒಳಗೆ ನೀರಲ್ಲಿರೋರನ್ನ ಹೊರಗೆ ಕರಿ, ಆಮೇಲೆ ಪೊಲೀಸ್ರನ್ನ ಕರಿ."

ಪೊಲೀಸರ ಬದಲು ತಮ್ಮನನ್ನು ಕರೆದ. ಅಷ್ಟರಲ್ಲಿ ನರ್ಸಮ್ಮ ಬಂದು ನನ್ನ ಹಿಂದೆ ನಿಂತಿದ್ದಳು, ಆಕೆಯ ಹಿಂದೆ ಇನ್ನೂ ಎರಡು ಟೋಪಿಗಳು. ಅವರಿಗೆ ವಿಷಯವೇನೆಂದು ಪೂರ್ತಿ ಗೊತ್ತಿರಲಿಲ್ಲ. "ನೀನು ಕೂತಿದೀಯಲ್ಲಾ, ಏನೋ ಇರ್ಬೇಕು ಅಂತ ಬಂದ್ವಿ" ಎಂದಳು ನರ್ಸಮ್ಮ.

ತಮ್ಮ ಕಾರಿನಿಂದ ಇಳಿದವನೇ ಹಲ್ಲು ಕಚ್ಚಿ, "ಅಕ್ಕಾ, ಮರ್ಯಾದೆಯಾಗಿ ಇಳಿ" ಎಂದ.

"ಇಳಿಯೋಕೆ ನಾನು ಹತ್ತೇ ಇಲ್ಲ ಕಣೋ."

"ನಮ್ಮ ಕಚೇರಿ ಮಾನ ಬೀದಿಗೆ ತಂದೆ."

"ಬೀದಿಗೆ ತಂದಿದ್ದು ಒಳ್ಳೇದೇ ಆಯ್ತು. ಚಾವಣಿ ಕೆಳಗೆ ಇರೋದಕ್ಕಿಂತ ಬೀದಿಯಲ್ಲಿರೋದೇ ಮೇಲು ಇವತ್ತು."

"ನಿಂಗೆ ನಿಂದೇ ಸರಿ! ಯಾವತ್ತೂ ನಿಂದೇ ಸರಿ!" ಅವನ ದನಿ ಒಡೆಯಿತು. "ಚಿಕ್ಕಂದಿನಿಂದ ನಿಂದೇ ಸರಿ!"

"ಇಲ್ಲ. ನಂದು ತಪ್ಪಾದ್ರೂ ಆಗ್ಬೋದು. ನಾನು ಲೆಕ್ಕ ಹಾಕಿಲ್ಲ, ನೀನೂ ಹಾಕಿಲ್ಲ. ಹಾಕಿ ತೋರಿಸು, ಚಾವಣಿ ನಿಲ್ಲತ್ತೆ ಅಂತ ಬಂದ್ರೆ ನಾನೇ ಒಂದು ಪ್ಯಾನೆಲ್ ಹೊತ್ಕೊಂಡು ಹತ್ತಿಸ್ತೀನಿ. ಲೆಕ್ಕ ಹಾಕ್ದೆ ಮಾತ್ರ ಯಾರನ್ನೂ ಹತ್ತಿಸಲ್ಲ."

ಆಗ ಸೊಸೆಯ ಸ್ಕೂಟರ್ ಬಂತು. ನಾದಿನಿ ಫೋನು ಮಾಡಿ ತಿಳಿಸಿದ್ದಳಂತೆ. ತೆರೆದ ಲ್ಯಾಪ್‌ಟಾಪನ್ನು ಎದೆಗೆ ಅವುಚಿಕೊಂಡು ಬಂದವಳು, ಅಪ್ಪನನ್ನಾಗಲಿ ನನ್ನನ್ನಾಗಲಿ ನೋಡಲಿಲ್ಲ. ನೇರ ಸೀಟಿಯ ಮುಂದೆ ನಿಂತಳು. ಮುಖ ಬಿಳಿಚಿಕೊಂಡಿತ್ತು.

"ಸರ್, ಕೆಲಸ ನಿಲ್ಲಿಸಿ. ನನ್ನ ವರದಿ ತಪ್ಪು."

"ಒಳಗೆ ಹೋಗಿ ಮಾತಾಡೋಣ" ಎಂದ ತಮ್ಮ, ಅವಳ ಮೊಣಕೈ ಹಿಡಿದು.

"ಇಲ್ಲೇ ಮಾತಾಡೋಣ ಅಪ್ಪಾ. ನೀವು ಬೇಡ ಅಂದ್ರಿ, ಆದ್ರೂ ಇಡೀ ಚಾವಣಿ ಕಟ್ಟಿದೆ. ಎರಡು ಥರ ಕಟ್ಟಿ ನೋಡ್ದೆ. ಈಗ ತಾನೇ ಮುಗೀತು."

ಲ್ಯಾಪ್‌ಟಾಪನ್ನು ಏಣಿಯ ಮೆಟ್ಟಿಲಿನ ಮೇಲೆ, ನನ್ನ ಭುಜದ ಪಕ್ಕದಲ್ಲೇ ಇಟ್ಟಳು. ಎಲ್ಲರೂ ಬಗ್ಗಿದರು. ಮೇಸ್ತ್ರಿಯೂ ಬಗ್ಗಿದ, ಕೈಯಲ್ಲಿದ್ದ ಪ್ಯಾನೆಲ್ ಕೆಳಗಿಟ್ಟು. ಪರದೆಯ ಮೇಲೆ ಚಾವಣಿ ಇತ್ತು. ಬಿಸಿಲಿನ ಕಡೆ ಒಂದೊಂದೇ ಸಾಲು ಪ್ಯಾನೆಲ್ ಏರುತ್ತ ಹೋದ ಹಾಗೆ ಆ ಭುಜ ತಗ್ಗಿತು. ಖಾಲಿ ಕಡೆ ಗೂನು ಎದ್ದಿತು. ನೆತ್ತಿ ಮೆಲ್ಲಗೆ, ನಿದ್ದೆ ಬಂದವರ ತಲೆಯ ಹಾಗೆ, ಪಕ್ಕಕ್ಕೆ ಜಾರಿತು. ಪ್ಯಾನೆಲ್ಲುಗಳಲ್ಲಿ ಮೂರನೇ ಒಂದು ಪಾಲು ಏರುವಷ್ಟರಲ್ಲಿ ಇಡೀ ಚಾವಣಿ ಮಗುಚಿಕೊಂಡಿತು.

"ಡಬಲ್ ಭಾರಕ್ಕೆ ನಿಂತಿತ್ತಲ್ಲಾ..." ಎಂದ ಸೀಟಿ. ಅವನ ದನಿಯಲ್ಲಿ ಈಗ ನಗು ಇರಲಿಲ್ಲ.

"ಎರಡೂ ಕಡೆ ಒಂದನ್ನೊಂದು ಹಿಡ್ಕೊಂಡಿದ್ವು ಸರ್, ಅದಕ್ಕೆ ನಿಂತಿತ್ತು. ನಾನು ಕನ್ನಡಿ ತೆಗೀದೆ ಭಾರ ಹಾಕಿದ್ದೆ. ತಪ್ಪು ನಂದು. ಅತ್ತೆ ಹೇಳಿದ್ಮೇಲೂ ಒಂದು ವಾರ ಸುಮ್ನಿದ್ದೆ, ಅದೂ ನಂದೇ. ಸಹಿ ವಾಪಸ್ ತಗೋತಾ ಇದೀನಿ."

"ವಾಪಸ್ ತಗೋಳೋಕೆ ಅದೇನು ಟವೆಲ್ಲಾ?" ಎಂದು ಸೀಟಿ ಕೂಗಾಡಿದ. "ಲಾರಿ ಬಂದು ನಿಂತಿದೆ, ಆಳು ಬಂದು ನಿಂತಿದಾರೆ, ಈಗ ಬಂದು..."

"ಬೈಯ್ರಿ ಸರ್, ಎಷ್ಟು ಬೇಕಾದ್ರೂ ಬೈಯ್ರಿ. ಆದ್ರೆ ಮೊದ್ಲು ನೀರಲ್ಲಿರೋರನ್ನ ಹೊರಗೆ ಕರೀರಿ" ಎಂದಳು ಸೊಸೆ. ನಿಂತ ಜಾಗದಿಂದ ಒಂದಿಂಚೂ ಸರಿಯಲಿಲ್ಲ.

ತಮ್ಮ ಬಾಯಿ ತೆರೆದ. ಮಗಳು ಅವನ ಕಡೆ ತಿರುಗಿ ಒಂದು ನೋಟ ನೋಡಿದಳು. ಆ ನೋಟ ಎಲ್ಲೋ ನೋಡಿದ ಹಾಗಿದೆಯಲ್ಲ ಎಂದುಕೊಂಡೆ. ಆಮೇಲೆ ಹೊಳೆಯಿತು, ಅದು ನನ್ನ ಮನೆಯ ಕನ್ನಡಿಯಲ್ಲಿ ದಿನಾ ಕಾಣುವ ನೋಟ. ತಮ್ಮ ಬಾಯಿ ಮುಚ್ಚಿದ.

ಸೀಟಿ ತಲೆಯೆತ್ತಿ ಚಾವಣಿ ನೋಡಿದ. ಅಲ್ಲಿ ಒಂದು ಸಾಲು ಪ್ಯಾನೆಲ್ ಬಿಸಿಲಿಗೆ ಮಿನುಗುತ್ತಿತ್ತು, ಇಬ್ಬರು ಆಳುಗಳು ಕಾಲು ಇಳಿಬಿಟ್ಟು ಕೂತಿದ್ದರು. ಒಳಗಿನಿಂದ ಶಾಲೆಯ ಮಕ್ಕಳ ಗಲಾಟೆ ಕೇಳಿಸಿತು, ಅವರ ಪಾಳಿ ಶುರುವಾಗುವ ಹೊತ್ತು. ಕೊರಳಿನ ಸೀಟಿಯನ್ನು ಬಾಯಿಗಿಟ್ಟುಕೊಂಡು ಒಳಗೆ ಓಡಿದ. ಅವನು ಆವತ್ತು ಊದಿದ ಹಾಗೆ ಯಾವತ್ತೂ ಊದಿಲ್ಲ. ಮಕ್ಕಳು ಚಡ್ಡಿಯಲ್ಲೇ ರಸ್ತೆಗೆ ಬಂದವು. ಆಳುಗಳು ಇಳಿದರು. ಆಮೇಲೆ ಆ ಒಂದು ಸಾಲನ್ನೂ ಹುಷಾರಾಗಿ ಇಳಿಸಿದರು. ಆಗ ನಾನು ಏಣಿ ಬಿಟ್ಟು ಎದ್ದೆ. ಮಂಡಿ ಹಿಡಿದುಕೊಂಡಿತ್ತು, ನರ್ಸಮ್ಮ ಎಳೆದು ಎಬ್ಬಿಸಬೇಕಾಯಿತು.

ಇಷ್ಟೇ ಕಥೆ. ಏನೂ ಆಗಲಿಲ್ಲ. ಪ್ಯಾನೆಲ್ಲುಗಳು ಈಗ ಕಾರು ನಿಲ್ಲಿಸುವ ಜಾಗದ ಮೇಲೆ ಶೆಡ್ಡಿನ ಹಾಗೆ ನಿಂತಿವೆ, ನೀರು ಕಾಯಿಸುತ್ತಿವೆ.

ಸೊಸೆ ಮಾತ್ರ ಇದಕ್ಕೆ ಬೆಲೆ ತೆರಬೇಕಾಯಿತು. ತಮ್ಮ ಹೆದರಿದಂತೆಯೇ ಆಯಿತು. ಅಪ್ಪನ ಕುರ್ಚಿ, ಮಗಳ ತಪ್ಪು ಎಂದು ಬೆನ್ನ ಹಿಂದೆ ಆಡಿಕೊಂಡರು. ಬರಬೇಕಿದ್ದ ಒಂದು ಸೇತುವೆಯ ಕೆಲಸ ಬೇರೆ ಕಚೇರಿಗೆ ಹೋಯಿತು. ಒಂದು ತಿಂಗಳು ನನ್ನ ಮೇಲೂ ಮುಖ ಊದಿಸಿಕೊಂಡಿದ್ದಳು. ಆದರೆ ತನ್ನ ತಪ್ಪನ್ನು ಮುಚ್ಚಿಡಲಿಲ್ಲ. ನನ್ನ ಎಕ್ಸ್‌ರೇಯನ್ನು ಮೇಜಿನ ಎದುರಿನ ಗೋಡೆಗೆ ಅಂಟಿಸಿಕೊಂಡಿದ್ದಾಳೆ. ಬಂದವರು ಯಾರ ಕಾಲು ಎಂದು ಕೇಳಿದರೆ ಇಡೀ ಕಥೆ ಹೇಳುತ್ತಾಳೆ, ತನ್ನ ಹೆಸರು ಸೇರಿಸಿಯೇ. ಈಗ ಆ ಕಚೇರಿಯಿಂದ ಯಾವ ಲೆಕ್ಕವೂ ಒಂದು ಪರೀಕ್ಷೆ ಆಗದೆ ಹೊರಗೆ ಹೋಗುವುದಿಲ್ಲ. ಸುಮ್ಮನೆ ಒಂದೇ ಕಡೆ ಭಾರ ಇಟ್ಟು, ವಾಲುತ್ತದಾ ಎಂದು ನೋಡಬೇಕು. ವಾಲದಿದ್ದರೆ ಎಲ್ಲೋ ಕನ್ನಡಿ ಉಳಿದಿದೆ ಎಂದರ್ಥ. ಹುಡುಗರು ಒಬ್ಬರನ್ನೊಬ್ಬರು, "ಅತ್ತೆ ಮೊಣಕಾಲು ಇಟ್ಟು ನೋಡ್ದ್ಯಾ?" ಎಂದು ಕೇಳುತ್ತಾರಂತೆ.

ತಮ್ಮ ಮಾತ್ರ ಇವತ್ತಿಗೂ, ಈಜುಕೊಳದವರು ಮನಸ್ಸು ಬದಲಾಯಿಸಿದರು ಎಂದೇ ಹೇಳಿಕೊಂಡು ತಿರುಗುತ್ತಾನೆ. ಹೇಳಲಿ. ಮೊನ್ನೆ ಸಿಕ್ಕಾಗ, "ಮೂರನೇ ಒಂದು ಪಾಲು ಅಂತ ಕಂಪ್ಯೂಟರ್ ಹೇಳ್ತು ಅಷ್ಟೇ. ನಿಜವಾಗ್ಲೂ ಬೀಳ್ತಿತ್ತು ಅಂತ ಏನು ಗ್ಯಾರಂಟಿ?" ಎಂದ.

"ಗ್ಯಾರಂಟಿ ಬೇಕಾದ್ರೆ ಒಂದು ಕೆಲಸ ಮಾಡು" ಎಂದೆ. "ಪ್ಯಾನೆಲ್ ಏರಿಸು, ಕೆಳಗೆ ನೀನೊಬ್ಬನೇ ಈಜು. ನಾನು ದಡದಲ್ಲಿ ಕೂತು ನೋಡ್ತೀನಿ."

ನಮ್ಮ ಕಸುಬಿನಲ್ಲಿ ಗೆದ್ದವರ ಕೈಯಲ್ಲಿ ತೋರಿಸಲು ಏನೂ ಉಳಿಯುವುದಿಲ್ಲ. ಸೋತವರಿಗೆ ಮುರಿದ ತುಂಡುಗಳಾದರೂ ಇರುತ್ತವೆ.

ಸೀಟಿಗಂತೂ ನನ್ನನ್ನು ರೇಗಿಸದೆ ಬೆಳಗಾಗುವುದಿಲ್ಲ. ಇವತ್ತೂ ನಾನು ನೀರಿಗಿಳಿಯುವಾಗ ಆ ದಡದಿಂದ ಕೂಗಿದ: "ಏನಮ್ಮಾ, ನಿಮ್ಮ ಚಾವಣಿ ಇವತ್ತೂ ಬಿದ್ದಿಲ್ವಲ್ಲಾ!"

"ನಾಳೆನೂ ಬೀಳಲ್ಲ ಹೋಗೋ!" ಎಂದು ಕೂಗಿ, ಅವನಿಗೆ ಬೆನ್ನು ಹಾಕಿ, ಅಂಗಾತ ತೇಲಿದೆ.